ಕೊಲೊಂಬಾ ಸಂತೆಗೆ ಮರ್ಯಾದೆ ಬಂದದ್ದು

ನಮ್ಮ ಕೊಲೊಂಬಾ ಊರಿನ ಸಂತೆಬೀದಿಯಲ್ಲಿ ನನ್ನದೊಂದು ಕ್ಷೌರದಂಗಡಿ. ಅಂಗಡಿ ಎಂದರೆ ಒಂದು ಕುರ್ಚಿ, ಮೂಲೆ ಒಡೆದ ಒಂದು ಕನ್ನಡಿ, ತಲೆಯ ಮೇಲೆ ಬೇವಿನ ಮರ. ಮರ ನೆಟ್ಟವನು ನನ್ನಪ್ಪ, ಅದರ ನೆರಳಿಗೆ ಸುಂಕ ಎತ್ತುವವರು ಪುರಸಭೆಯವರು. ನನ್ನ ಎಡಗಡೆ ದರ್ಜಿ ಝುಮಾನಾ ಕುಲಿಬಾಲಿಯ ಹೊಲಿಗೆ ಯಂತ್ರ, ಬಲಗಡೆ ಅಲಸಂದೆ ವಡೆ ಕರಿಯುವ ನ್ಯೇಬಾ ಕೆಯಿತಾಳ ಬಾಣಲೆ. ಇವರಿಬ್ಬರ ನಡುವೆ ನಿಂತು ಇಷ್ಟು ವರ್ಷ ಗಿರಾಕಿಗಳ ಕಿವಿ ಕೊಯ್ಯದೆ ಕ್ಷೌರ ಮಾಡಿದ್ದೇನಲ್ಲ, ಅದಕ್ಕೇ ನನಗೊಂದು ಪದಕ ಕೊಡಬೇಕು.

ಕುಲಿಬಾಲಿಗಳಿಗೂ ಕೆಯಿತಾಗಳಿಗೂ ಬೈಗುಳದ ನಂಟು. ಮುತ್ತಜ್ಜಂದಿರ ಕಾಲದಲ್ಲಿ ಎರಡು ಮನೆತನದವರೂ ಇನ್ನು ಮೇಲೆ ಒಬ್ಬರ ಮೇಲೊಬ್ಬರು ಕೈ ಎತ್ತುವುದಿಲ್ಲ ಎಂದು ಆಣೆ ಮಾಡಿಕೊಂಡರಂತೆ. ಕೈ ಸುಮ್ಮನಾದ ಮೇಲೆ ಬಾಯಿಗೆ ಏನಾದರೂ ಕೆಲಸ ಬೇಕಲ್ಲ. ಅಂದಿನಿಂದ ಕೆಯಿತಾ ಎದುರಾದರೆ ಕುಲಿಬಾಲಿ ಬೈಯಬೇಕು, ಕುಲಿಬಾಲಿ ಎದುರಾದರೆ ಕೆಯಿತಾ ಬೈಯಬೇಕು. ಇವರು ಅವರನ್ನು 'ನಮ್ಮ ಆಳು' ಎನ್ನುತ್ತಾರೆ, ಅವರು ಇವರನ್ನು 'ನಮ್ಮ ಆಳು' ಎನ್ನುತ್ತಾರೆ. ಕುಲಿಬಾಲಿಗಳಿಗೆ ಸಾಲದ್ದಕ್ಕೆ 'ಅಲಸಂದೆಬಾಕರು' ಎಂಬ ಬಿರುದು ಬೇರೆ. ಇದಕ್ಕೆ ಸಿಟ್ಟು ಮಾಡಿಕೊಂಡವನ ಮಾನ ಅಲ್ಲಿಗೆ ಹೋಯಿತು. ಅಲಸಂದೆ ತಿನ್ನದವರು ನಮ್ಮೂರಲ್ಲಿ ಯಾರೂ ಇಲ್ಲ, ಆದರೆ ತಿಂದು ಬೈಸಿಕೊಳ್ಳುವ ಹಕ್ಕು ಅವರಿಗೆ ಮಾತ್ರ.

ನ್ಯೇಬಾಳ ಬಾಣಲೆಯಿಂದ ಮೊದಲ ವಡೆ ಎದ್ದಾಗ ಅದನ್ನು ತಿನ್ನುವವನು ಝುಮಾನಾನೇ. ದಿನಾ ಬೆಳಗ್ಗೆ ಹೊಟ್ಟೆ ಮುಂದೆ ಮಾಡಿಕೊಂಡು ಬಂದು ನಿಲ್ಲುತ್ತಿದ್ದ.

"ಲೇ ಆಳೇ, ಯಜಮಾನ ಬಂದಿದಾನೆ. ಎದ್ದು ನಿಲ್ಲು."

"ಬಾರೋ ಅಲಸಂದೆಬಾಕ. ಬೇಗ ತಿಂದು ಆ ಕಡೆ ಹೋಗು. ನಿನ್ನ ಹೊಟ್ಟೆ ಮಾತಾಡೋಕೆ ಶುರು ಮಾಡಿದ್ರೆ ನನ್ನ ಗಿರಾಕಿಗಳು ಓಡಿ ಹೋಗ್ತಾರೆ."

ಇಷ್ಟಾದ ಮೇಲೆಯೇ ಸಂತೆಬೀದಿಗೆ ಬೆಳಗಾಯಿತು ಎಂದು ಅರ್ಥ. ಮುಂದಿನ ಬೈಗುಳಗಳನ್ನು ಇಲ್ಲಿ ಬರೆಯಲಾರೆ, ನನಗೂ ಮಕ್ಕಳು ಮರಿ ಇದ್ದಾರೆ.

ನಂಟು ಬರೀ ಬಾಯಿಯದಲ್ಲ. ಸಾವಿನ ಮನೆಯಲ್ಲಿ ಈ ನಂಟರಿಗೆ ಒಂದು ಕೆಲಸ ಉಂಟು. ಸತ್ತವರ ಬಟ್ಟೆ ತೊಟ್ಟು, ಅವರ ಹಾಗೆ ನಡೆದು, ಅವರ ಹಾಗೆ ಮಾತಾಡಿ, ಹೆಣ ಹೊರುವವರಿಗೆ ಅಡ್ಡ ನಿಂತು, ಅಳುತ್ತಿರುವವರನ್ನು ನಗಿಸಬೇಕು. ನ್ಯೇಬಾಳ ಅಣ್ಣ ತೀರಿಕೊಂಡಾಗ ಅವಳು ಗೋಡೆ ನೋಡುತ್ತಾ ಕೂತುಬಿಟ್ಟಿದ್ದಳು, ಅಳಲೂ ಇಲ್ಲ. ಆಗ ಝುಮಾನಾ ಅವಳ ಅಣ್ಣನ ಟೋಪಿ ಹಾಕಿಕೊಂಡು, ಅವನ ಹಾಗೆಯೇ ಎಡಗಾಲು ಎಳೆಯುತ್ತಾ ಬಂದು, ಒಂದು ಕೋಳಿ ಕೊಡದಿದ್ದರೆ ಈ ಮುದುಕನನ್ನು ಮಣ್ಣಿಗೆ ಹಾಕಲು ಬಿಡುವುದಿಲ್ಲ ಎಂದು ಹೆಣದ ದಾರಿಗೆ ಅಡ್ಡ ಮಲಗಿದ. ನ್ಯೇಬಾ ನಕ್ಕಳು, ನಕ್ಕಿದ್ದೇ ಅಳುವೂ ಬಂತು. ಆಮೇಲೆ ಅವಳು ಅನ್ನ ನೀರು ಮುಟ್ಟಿದಳು. ಈ ಕೆಲಸವನ್ನು ಇಮಾಮರೂ ಮಾಡಲಾರರು, ಡಾಕ್ಟರೂ ಮಾಡಲಾರರು.

ಇಂಥ ಊರಿಗೆ ನಮ್ಮ ಮೇಯರ್ ಬಕಾರಿ ಸಂಗಾರೆ ಮರ್ಯಾದೆ ತಂದರು. ಅದನ್ನು ಅವರು ತಂದದ್ದು ರಾಜಧಾನಿಯಿಂದ. ಅಲ್ಲಿ ಯಾವುದೋ ವಿಚಾರ ಸಂಕಿರಣಕ್ಕೆ ಹೋಗಿ, ಹೊಸ ಚೀಲ, ಹೊಸ ಟೋಪಿ, ಮತ್ತು ಒಂದು ಹೊಸ ವಿಚಾರ ಹೊತ್ತುಕೊಂಡು ಬಂದರು. ಮೊದಲ ಎರಡೇ ತಂದಿದ್ದರೆ ನಮಗೇನೂ ತಕರಾರಿರಲಿಲ್ಲ. ಪ್ರಾಂತ್ಯದಲ್ಲಿ 'ಮಾದರಿ ಸಂತೆ' ಎಂಬ ಸ್ಪರ್ಧೆ ಇದೆಯಂತೆ. ಗೆದ್ದ ಊರಿನ ಸಂತೆಗೆ ಈ ತುದಿಯಿಂದ ಆ ತುದಿವರೆಗೆ ತಗಡಿನ ಸೂರು ಹಾಕಿಸಿ ಕೊಡುತ್ತಾರಂತೆ. ಗವರ್ನರ್ ಸಾಹೇಬರೇ ಬಂದು ನೋಡಿ ಹೋಗುತ್ತಾರಂತೆ. ಮೇಯರ್ ಮನೆಯ ಮುಂದಿನ ಚರಂಡಿಯನ್ನು ಬಿಟ್ಟು ಉಳಿದ ಎಲ್ಲವನ್ನೂ ಸ್ವಚ್ಛ ಮಾಡಿಸಲಾಯಿತು. ಆಮೇಲೆ ಅವರ ಕಣ್ಣು ನಮ್ಮ ಬಾಯಿಯ ಮೇಲೆ ಬಿತ್ತು.

ಸಂತೆಯ ಬಾಯಲ್ಲಿ ಒಂದು ಬೋರ್ಡು ಎದ್ದಿತು. 'ಇಲ್ಲಿ ಎಲ್ಲರೂ ಎಲ್ಲರನ್ನೂ ಗೌರವದಿಂದ ಮಾತನಾಡಿಸುತ್ತಾರೆ' ಎಂದು ಸರ್ಕಾರದ ಭಾಷೆಯಾದ ಫ್ರೆಂಚಿನಲ್ಲಿ ಬರೆದಿತ್ತು. ಫ್ರೆಂಚ್ ಓದಬಲ್ಲವರು ಊರಲ್ಲಿ ಬೆರಳೆಣಿಕೆಯಷ್ಟು, ಅವರಲ್ಲಿ ಅರ್ಧ ಜನ ಆ ಬೋರ್ಡು ಬರೆಸಿದವರು. ಉಳಿದವರಿಗಾಗಿ ಒಬ್ಬ ಬೈಕಿಗೆ ಮೈಕು ಕಟ್ಟಿಕೊಂಡು ಕೂಗುತ್ತಾ ಹೋದ. ಬೈಗುಳ ಬಂದ್, ಅಡ್ಡಹೆಸರು ಬಂದ್, ಆಳು ಗೀಳು ಅನ್ನುವುದೆಲ್ಲ ಬಂದ್. ನಿಗಾ ಇಡಲು ಮೇಯರ್ ಕಚೇರಿಯ ಗುಮಾಸ್ತನೊಬ್ಬ ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು ತಿರುಗತೊಡಗಿದ.

ನ್ಯೇಬಾ ಸೀದಾ ಮೇಯರ್ ಹತ್ತಿರ ಹೋಗಿ, ಬೈಗುಳದ ನಂಟರ ಗತಿಯೇನು ಎಂದು ಕೇಳಿದಳು. ಗವರ್ನರ್ ಸಾಹೇಬರೂ ಕುಲಿಬಾಲಿ ಮನೆತನದವರೇ ಅಲ್ಲವೇ, ಅವರು ಬಂದಾಗ ಒಂದೇ ಒಂದು ಸಲ ಅಲಸಂದೆಬಾಕ ಅನ್ನಲೇ ಎಂದೂ ಕೇಳಿದಳು. ಮೇಯರ್ ಕೂತಿದ್ದ ಕುರ್ಚಿಯಿಂದ ಎದ್ದು ನಿಂತರಂತೆ. ಗವರ್ನರ್ ಎಂದರೆ ಸರ್ಕಾರ, ಸರ್ಕಾರ ಅಲಸಂದೆ ತಿನ್ನುವುದಿಲ್ಲ, ನಿನ್ನ ಒಂದು ಮಾತಿಗೆ ಇಡೀ ಸಂತೆಯ ಸೂರು ಹಾರಿಹೋದರೆ ಉಳಿದ ಹೆಂಗಸರಿಗೆ ನೀನೇ ಉತ್ತರ ಹೇಳು ಎಂದರು. ನ್ಯೇಬಾ ಬಾಯಿ ಮುಚ್ಚಿಕೊಂಡು ಬಂದಳು. ಮಳೆಗಾಲದಲ್ಲಿ ಕಾದ ಎಣ್ಣೆಗೆ ಹನಿ ಬಿದ್ದು ಸಿಡಿದು, ಅವಳ ಮುಂಗೈ ತುಂಬ ಕಲೆಗಳಾಗಿದ್ದವು. ಆ ಸೂರು ಅವಳಿಗೆ ನಿಜವಾಗಿಯೂ ಬೇಕಿತ್ತು.

ಇಷ್ಟೆಲ್ಲ ಆಗುವಾಗ ಝುಮಾನಾ ಊರಲ್ಲಿರಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ. ಕಾಲಸಂದಿಯಲ್ಲಿ ಉಬ್ಬಿದ್ದನ್ನು ಬಹಳ ದಿನ ಗಾಳಿ ಗಾಳಿ ಎಂದು ಮುಚ್ಚಿಟ್ಟುಕೊಂಡಿದ್ದ. ಅದು ಗಾಳಿಯಲ್ಲ, ತನ್ನ ಬಾಣಲೆಯಿಂದ ಕದ್ದ ವಡೆ ಎಂದು ನ್ಯೇಬಾ ಬೀದಿಗೆಲ್ಲ ಸಾರಿದ್ದರಿಂದಲೇ ಅವನು ಕೊನೆಗೆ ಡಾಕ್ಟರ ಹತ್ತಿರ ಹೋದದ್ದು. ಜೊತೆಗೆ ಹೆಂಡತಿ ಮಸ್ಸಿರೆಯೂ ಹೋಗಿದ್ದಳು. ಅಂದರೆ ಬೋರ್ಡು ಎದ್ದದ್ದು, ಮೈಕು ಕೂಗಿದ್ದು ಎರಡೂ ಆ ಮನೆಯವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಷ್ಟು ದೊಡ್ಡ ಬೋರ್ಡು ಕಾಣಿಸದೇ ಇರುತ್ತದೆಯೇ ಎಂದುಕೊಂಡೆವು. ಕಾಣಿಸಿತ್ತು, ನಿಜ. ಝುಮಾನಾ ಅದನ್ನು ಯಾವುದೋ ಸೋಪಿನ ಜಾಹೀರಾತು ಎಂದುಕೊಂಡಿದ್ದ.

ಅವನು ವ್ಯಾನಿನಿಂದ ಇಳಿದದ್ದು ನನ್ನ ಕುರ್ಚಿಯ ಎದುರಿಗೇ. ಸೊರಗಿದ್ದ, ಒಂದು ಕೈ ಹೊಟ್ಟೆಯ ಕೆಳಗೆ ಇಟ್ಟುಕೊಂಡಿದ್ದ, ಆದರೆ ಮುಖದಲ್ಲಿ ಕಿಡಿಗೇಡಿತನ ಇತ್ತು. ದಾರಿಯುದ್ದಕ್ಕೂ ಒಂದು ಒಳ್ಳೆಯ ಬೈಗುಳ ಜೋಡಿಸಿಕೊಂಡು ಬಂದಿದ್ದ ಎಂದು ಆಮೇಲೆ ಮಸ್ಸಿರೆ ಹೇಳಿದಳು. ಹಸಿರು ಪಟ್ಟಿಯ ಗುಮಾಸ್ತ ಪಕ್ಕದಲ್ಲೇ ಕಡಲೆಕಾಯಿ ಸುಲಿಯುತ್ತಾ ನಿಂತಿದ್ದ. ನ್ಯೇಬಾ ಬಾಣಲೆ ಬಿಟ್ಟು ಎದ್ದಳು, ಕೈ ಒರೆಸಿಕೊಂಡಳು, ದೊಡ್ಡವರ ಮುಂದೆ ಮಾಡುವ ಹಾಗೆ ಮಂಡಿ ಬಗ್ಗಿಸಿದಳು.

"ಬನ್ನಿ ಝುಮಾನಾ ಅಣ್ಣ. ಆರೋಗ್ಯ ಹೇಗಿದೆ? ಮನೇಲೆಲ್ಲ ಕ್ಷೇಮವಾ? ದೇವರು ನಿಮಗೆ ಒಳ್ಳೇದು ಮಾಡ್ಲಿ."

ಝುಮಾನಾ ತೆರೆದ ಬಾಯಿ ಹಾಗೆಯೇ ಇತ್ತು. ಅವಳ ಕಣ್ಣಲ್ಲಿ ಏನಾದರೂ ತುಂಟತನ ಇದೆಯೋ ಎಂದು ಹುಡುಕಿದ. ಅವಳೋ ಗುಮಾಸ್ತನ ಭಯಕ್ಕೆ ನೆಲ ನೋಡುತ್ತಿದ್ದಳು. ಮೀನು ಮಾರುವ ಇನ್ನೊಬ್ಬ ಕೆಯಿತಾ ಕೂಡ ಬಂದು ಎರಡೂ ಕೈಯಲ್ಲಿ ಅವನ ಕೈ ಹಿಡಿದು ದುವಾ ಮಾಡಿದ. ಝುಮಾನಾನ ಮುಖದ ಬಣ್ಣ ಇಳಿದದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ.

"ಕ್ಷೇಮ, ತಾಯಿ" ಎಂದು ಹೇಳಿ ಅವನು ಮನೆಯ ಕಡೆ ನಡೆದ.

ನ್ಯೇಬಾ ನನ್ನ ಕುರ್ಚಿಯ ಹತ್ತಿರ ಬಂದಳು. ಅವಳ ದನಿ ಕುಗ್ಗಿತ್ತು.

"ಸಿದಿಕಿ, ನೋಡಿದ್ಯಾ? ಅವನು ನನ್ನನ್ನ ತಾಯಿ ಅಂದ. ಆಸ್ಪತ್ರೇಲಿ ಅವನಿಗೆ ಏನೋ ಹೇಳಿದಾರೆ."

ಅಲ್ಲಿಂದ ಶುರುವಾಯಿತು. ತನ್ನ ಬಗ್ಗೆ ಆಸ್ಪತ್ರೆಯವರು ಊರಿಗೆ ಏನೋ ಹೇಳಿ ಕಳಿಸಿದ್ದಾರೆ ಎಂದು ಅವನು ತಿಳಿದ. ಅವನಿಗೆ ಆಸ್ಪತ್ರೆಯವರು ಏನೋ ಹೇಳಿದ್ದಾರೆ ಎಂದು ಊರು ತಿಳಿಯಿತು. ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎನ್ನಬೇಡಿ. ನಮ್ಮಲ್ಲಿ ಕ್ಷೇಮವೇ ಎಂದು ಕೇಳಿದರೆ ಕ್ಷೇಮ ಎನ್ನಬೇಕು, ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಕ್ಷೇಮ ಎಂದು ಆಮೇಲೆ ನೀರು ಕೇಳಬೇಕು. ನಿನಗೆ ಯಾವ ಕಾಯಿಲೆ, ಯಾವಾಗ ಸಾಯುತ್ತೀಯ ಎಂದು ಮುಖದ ಮೇಲೆ ಕೇಳುವ ಸಲಿಗೆ ಇರುವುದು ಬೈಗುಳದ ನಂಟರಿಗೆ ಮಾತ್ರ. ಅವರ ಬಾಯಿಗೆ ಮೇಯರ್ ಬೀಗ ಹಾಕಿದ್ದರು.

ಗುರುವಾರದ ದೊಡ್ಡ ಸಂತೆಯಲ್ಲಿ ಝುಮಾನಾ ಬಿಳಿ ಹತ್ತಿ ಬಟ್ಟೆ ಕೊಂಡ. ಅದನ್ನು ತನ್ನ ಮೇಜಿನ ಮೇಲೆ ಹಾಸಿ, ತಲೆಯಿಂದ ಕಾಲವರೆಗೆ ತನ್ನನ್ನೇ ಟೇಪಿನಲ್ಲಿ ಅಳೆದುಕೊಂಡು ಕತ್ತರಿಸಿದ. ಹೆಣಕ್ಕೆ ಸುತ್ತುವ ಬಟ್ಟೆ ಎಂದು ಯಾರೂ ಹೇಳಬೇಕಿರಲಿಲ್ಲ. ಬೇರೆ ದರ್ಜಿಗಳ ಕತ್ತರಿಯನ್ನು ಅವನು ಜೀವಮಾನದಲ್ಲಿ ನಂಬಿದವನಲ್ಲ, ಸತ್ತ ಮೇಲೂ ನಂಬುವ ಮನಸ್ಸಿರಲಿಲ್ಲ. ಆಮೇಲೆ ಅವನು ಅಂಗಡಿಯಿಂದ ಅಂಗಡಿಗೆ ಹೋಗಿ ಎಲ್ಲರ ಕ್ಷಮೆ ಕೇಳಿದ. ಹಬ್ಬಕ್ಕೆ ಕೊಡುತ್ತೇನೆಂದ ನಿಲುವಂಗಿಯನ್ನು ಹಬ್ಬ ಕಳೆದ ಮೇಲೆ ಕೊಟ್ಟಿದ್ದಕ್ಕೆ, ಅಳತೆ ತಪ್ಪಿಸಿ ತಪ್ಪನ್ನು ಗಿರಾಕಿಯ ಹೊಟ್ಟೆಯ ಮೇಲೆ ಹೊರಿಸಿದ್ದಕ್ಕೆ. ತಡ ಮಾಡಿದ್ದಕ್ಕೆ ಕ್ಷಮೆ ಕೇಳುವ ದರ್ಜಿಯನ್ನು ನಮ್ಮೂರು ಹಿಂದೆಂದೂ ಕಂಡಿರಲಿಲ್ಲ. ಅದನ್ನು ನೋಡಿ ಜನ ನಿಜಕ್ಕೂ ಹೆದರಿದರು.

ನನ್ನ ಹತ್ತಿರವೂ ಬಂದ. ನಿನ್ನ ಕತ್ತಿ ಮೊಂಡು ಎಂದು ಊರಲ್ಲೆಲ್ಲ ಹೇಳಿದ್ದೆ, ಮನ್ನಿಸು ಎಂದ. ನನ್ನ ಕತ್ತಿ ಮೊಂಡೇ. ಆದರೂ ಮನ್ನಿಸಿದೆ.

ಕೊನೆಗೆ ನ್ಯೇಬಾಳ ಎದುರು ನಿಂತ. ಇಷ್ಟು ವರ್ಷ ಆಡಿದ್ದಕ್ಕೆಲ್ಲ ಕ್ಷಮಿಸಿ ಎಂದು ಕೇಳಿದ. ಬೈಗುಳದ ನಂಟರು ಒಬ್ಬರನ್ನೊಬ್ಬರು ಕ್ಷಮೆ ಕೇಳುವುದಿಲ್ಲ, ಕೇಳಿದರೆ ನಂಟೇ ಮುರಿದ ಹಾಗೆ. ನ್ಯೇಬಾ ತಾನೂ ಕ್ಷಮೆ ಕೇಳಿದಳು. ಅಷ್ಟು ಹೊತ್ತಿಗೆ ಬಾಣಲೆಯಲ್ಲಿದ್ದ ವಡೆಗಳೆಲ್ಲ ಕರಿಕಲಾಗಿದ್ದವು. ಅವನು ಹೋದ ಮೇಲೆ ಅವಳು ಅವನ್ನು ಒಂದೊಂದಾಗಿ ಎತ್ತಿ ಮಣ್ಣಿಗೆ ಹಾಕಿದಳು, ಸಾಯುವ ಮನುಷ್ಯನನ್ನು ಬೈಯುವುದು ಹೇಗೆ ಸಿದಿಕಿ ಎಂದು ಕೇಳಿದಳು.

ಅಂದೇ ಝುಮಾನಾ ಹಾಸಿಗೆ ಹಿಡಿದ. ಊಟ ಬಿಟ್ಟ. ನೋಡಲು ಹೋದವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಹಣ್ಣು ಇಟ್ಟು, ಅವನ ಗುಣಗಾನ ಮಾಡಿ ಬಂದರು. ಜಿಪುಣನನ್ನು ಉದಾರಿ ಎಂದರು, ಜಗಳಗಂಟನನ್ನು ಸಾಧು ಎಂದರು. ಇಮಾಮರು ಬಂದು ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎಂದು ಧೈರ್ಯ ಹೇಳಿದರು. ಒಬ್ಬ ಮನುಷ್ಯನನ್ನು ಸಾಯಿಸಲು ಒಂದು ಊರು ಇಷ್ಟು ಪ್ರೀತಿಯಿಂದ ದುಡಿದದ್ದನ್ನು ನಾನು ಬೇರೆಲ್ಲೂ ಕಾಣೆ. ಇತ್ತ ಮೇಯರ್ ಸಂತೆಗೆ ಬಂದು ನಿಶ್ಶಬ್ದವನ್ನು ಕೇಳಿ, ಎಂಥ ಸುಧಾರಣೆ ಎಂದು ಬೆನ್ನು ತಟ್ಟಿಕೊಂಡರು.

ಗವರ್ನರ್ ಬರುವ ದಿನವೂ ಬಂತು. ಬೆಳಗ್ಗೆಯೇ ಬೀದಿಗೆ ನೀರು ಚಿಮುಕಿಸಿ, ಆಡುಗಳನ್ನು ಓಡಿಸಿ, ಹೆಂಗಸರಿಗೆಲ್ಲ ಹಬ್ಬದ ಬಟ್ಟೆ ತೊಡಿಸಿ ಸಾಲಾಗಿ ಕೂರಿಸಿದ್ದರು. ಆ ಸಾಲನ್ನು ಸೀಳಿಕೊಂಡು ಮಸ್ಸಿರೆ ಬಂದಳು. ತಲೆವಸ್ತ್ರ ಜಾರಿತ್ತು. ನ್ಯೇಬಾಳ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದಳು.

"ಅಕ್ಕಾ, ನಿಮಗೆ ಏನು ಗೊತ್ತು ಅಂತ ನನಗೂ ಹೇಳಿ. ಅವರು ಬರೀ ನೀರಿನ ಮೇಲಿದಾರೆ, ಈಗ ಅದೂ ಒಳಗೆ ಇಳೀತಿಲ್ಲ. ಗಾಯ ಒಣಗಿದೆ, ಇನ್ನು ಹೊಲಿಗೆ ಕೆಲಸ ಶುರು ಮಾಡ್ಬಹುದು ಅಂತ ನರ್ಸಮ್ಮ ಕಳ್ಸಿದ್ರು. ಮತ್ತೆ ನೀವೆಲ್ಲ ಯಾಕೆ ನಮ್ಮನ್ನ ಸಾವಿನ ಮನೆಯವರ ಥರ ಮಾತಾಡಿಸ್ತೀರಿ?"

"ನಮಗೇನು ಗೊತ್ತೇ? ಗೊತ್ತಿರೋದು ನಿಮಗೆ. ಅವನು ತಾನೇ ಹೆಣದ ಬಟ್ಟೆ ಕತ್ತರಿಸ್ಕೊಂಡಿದ್ದು."

"ನೀವು ಅವರನ್ನ ಅಣ್ಣ ಅಂದ್ರಲ್ಲ ಅಕ್ಕಾ. ಆವತ್ತಿಂದಲೇ ಅವರು ಹೀಗಾಗಿದ್ದು."

ನ್ಯೇಬಾ ತಿರುಗಿ ಬೋರ್ಡನ್ನು ನೋಡಿದಳು. ನಾನೂ ನೋಡಿದೆ. ಅದರಲ್ಲಿ ಏನು ಬರೆದಿದೆ ಎಂದು, ಫ್ರೆಂಚ್ ಬಲ್ಲ ಬೆರಳೆಣಿಕೆಯವರಲ್ಲಿ ಒಬ್ಬನಾದ ನಾನೇ ಮಸ್ಸಿರೆಗೆ ಓದಿ ಹೇಳಿದೆ. ಓದಿ ಮುಗಿಸಿದಾಗ ನನಗೆ ನಮ್ಮೂರಿನ ಮೇಲೆ ಬಂದಷ್ಟು ಸಿಟ್ಟು ಇನ್ಯಾವತ್ತೂ ಬಂದಿಲ್ಲ. ಓಡಿ ಹೋಗಿ ಅವನಿಗೆ ಹೇಳು ಎಂದೆ. ಹೇಳಿ ಪ್ರಯೋಜನವಿಲ್ಲ, ನಿಮಗೇನೂ ಆಗಿಲ್ಲ ಎಂದು ದಿನಾ ಹೇಳುತ್ತಲೇ ಇದ್ದೇನೆ, ಸಮಾಧಾನ ಮಾಡಬೇಡ ಎಂದು ಗೋಡೆ ಕಡೆ ತಿರುಗಿಕೊಳ್ಳುತ್ತಾರೆ ಎಂದು ಮಸ್ಸಿರೆ ಅತ್ತಳು. ಒಳ್ಳೆಯ ಮಾತನ್ನು ಅವನು ನಂಬುವ ಸ್ಥಿತಿಯಲ್ಲಿರಲಿಲ್ಲ. ಒಳ್ಳೆಯ ಮಾತಿನಿಂದಲೇ ಅವನಿಗೆ ಆ ಗತಿ ಬಂದಿತ್ತು.

ಝುಮಾನಾನ ಮನೆಬಾಗಿಲು ಇರುವುದು ಸಂತೆಬೀದಿಯಲ್ಲೇ, ಗವರ್ನರ್ ನಡೆದು ಬರಲೆಂದು ಚಾಪೆ ಹಾಸಿದ್ದ ದಾರಿಯ ಪಕ್ಕದಲ್ಲಿ. ಸಾಲಾಗಿ ಕೂತ ಹೆಂಗಸರು ನ್ಯೇಬಾಳನ್ನು ನೋಡುತ್ತಿದ್ದರು. ಅವರಿಗೂ ಸೂರು ಬೇಕು, ಅವರ ಟೊಮೆಟೊ ಬಿಸಿಲಿಗೆ ಕೊಳೆಯುತ್ತದೆ, ಅವರ ಉಪ್ಪು ಮಳೆಗೆ ಕರಗುತ್ತದೆ. ನ್ಯೇಬಾ ತನ್ನ ಕಲೆಬಿದ್ದ ಮುಂಗೈ ಒಮ್ಮೆ ಸವರಿಕೊಂಡಳು. ಆಮೇಲೆ ಎದ್ದು ಝುಮಾನಾನ ಅಂಗಡಿಗೆ ನುಗ್ಗಿ, ಮೊಳೆಗೆ ನೇತುಹಾಕಿದ್ದ ಅವನ ಹಳೆಯ ಅಂಗಿ ತೊಟ್ಟಳು, ಅವನ ಎಣ್ಣೆ ಹಿಡಿದ ಟೋಪಿ ಹಾಕಿದಳು, ಟೇಪನ್ನು ಕೊರಳಿಗೆ ಸುತ್ತಿದಳು. ಹೊಟ್ಟೆ ಮುಂದೆ ಮಾಡಿ, ಒಂದು ಕೈ ಕಾಲಸಂದಿಯ ಮೇಲಿಟ್ಟುಕೊಂಡು, "ತಪ್ಪು ನನ್ನ ಅಳತೇದಲ್ಲ ಸ್ವಾಮಿ, ನಿಮ್ಮ ಹೊಟ್ಟೇದು" ಎಂದು ಅವನ ಮೂಗಿನ ದನಿಯಲ್ಲೇ ಹೇಳುತ್ತಾ ಹಾಸಿದ ಚಾಪೆಯ ಮೇಲೆಯೇ ನಡೆದಳು.

ಜೀವ ಇರುವವನ ಬಟ್ಟೆ ತೊಟ್ಟು ಯಾರೂ ಹೀಗೆ ನಡೆಯುವುದಿಲ್ಲ. ಇಡೀ ಸಂತೆಗೆ ಒಂದೇ ಅರ್ಥವಾಯಿತು. ಹೆಂಗಸರೆಲ್ಲ ಒಟ್ಟಿಗೆ ಎದ್ದು, ತಲೆಯ ಮೇಲೆ ಕೈ ಹೊತ್ತು, ಹೋ ಎಂದು ಅಳಲು ಶುರು ಮಾಡಿದರು. ಸರಿಯಾಗಿ ಅದೇ ಹೊತ್ತಿಗೆ ಸಂತೆಯ ಬಾಯಲ್ಲಿ ಗವರ್ನರ್ ಕಾರು ನಿಂತಿತು. ಮೇಯರ್ ಹೂವಿನ ಹಾರ ಹಿಡಿದುಕೊಂಡು ಯಾವ ಕಡೆ ಓಡುವುದೆಂದು ತಿಳಿಯದೆ ನಿಂತಲ್ಲೇ ತಿರುಗಿದರು. ನಾನು ಅವರನ್ನು ಬಿಟ್ಟು ನ್ಯೇಬಾಳ ಹಿಂದೆ ಹೋದೆ.

ಕೋಣೆಯಲ್ಲಿ ಝುಮಾನಾ ಚಾಪೆಯ ಮೇಲೆ ಮಲಗಿದ್ದ. ತಲೆದೆಸೆಯಲ್ಲಿ ಆ ಬಿಳಿ ಬಟ್ಟೆ ಮಡಚಿ ಇಟ್ಟಿತ್ತು. ಹೊರಗೆ ತನಗಾಗಿ ಅಳುತ್ತಿರುವುದು ಅವನಿಗೂ ಕೇಳಿಸುತ್ತಿತ್ತು. ಕಣ್ಣು ತೆರೆದು ಬಾಗಿಲಲ್ಲಿ ತನ್ನನ್ನೇ ನೋಡಿದ.

"ಲೇ ಅಲಸಂದೆಬಾಕ," ನ್ಯೇಬಾ ಸೊಂಟದ ಮೇಲೆ ಕೈ ಇಟ್ಟಳು. "ಸಾಯೋನಾದ್ರೆ ಬೇಗ ಸಾಯಿ. ಹೊರಗೆ ಅಷ್ಟು ಜನ ಅಳ್ತಾ ಇದಾರೆ, ಎಷ್ಟೊತ್ತು ಅಂತ ಕಾಯ್ತಾರೆ? ನನಗೂ ವ್ಯಾಪಾರ ಇದೆ."

ಅವನು ಅವಳ ತಲೆಯ ಕಡೆ ಬೆರಳು ತೋರಿಸಿದ. ಆಮೇಲೆ ತುಟಿ ಅಲ್ಲಾಡಿತು.

"ನನ್ನ ಟೋಪಿ ತೆಗಿ."

"ಸಾಯೋನಿಗೆ ಟೋಪಿ ಯಾಕೆ?"

"ನೀನು ಮೊನ್ನೆ ನನ್ನನ್ನ ಅಣ್ಣ ಅಂದೆ."

"ಗವರ್ನರ್ ಬರ್ತಾನೆ, ಯಾರನ್ನೂ ಬೈಬೇಡಿ ಅಂತ ಮೇಯರ್ ಅಂದ. ಗೆದ್ರೆ ಸಂತೆಗೆ ತಗಡಿನ ಸೂರು ಹಾಕಿಸ್ತಾರಂತೆ. ಆ ತಗಡಿಗೋಸ್ಕರ ಅಂದೆ. ನಿನ್ನಂಥವನನ್ನ ಯಾರಾದ್ರೂ ಮನಸಾರೆ ಅಣ್ಣ ಅಂತಾರಾ?"

"ತಗಡಿಗೋಸ್ಕರ?"

"ತಗಡಿಗೋಸ್ಕರ."

ಝುಮಾನಾ ಯೋಚನೆ ಮಾಡಿದ. ಅವನ ಯೋಚನೆ ನಿಧಾನ, ಅವನ ಹೊಲಿಗೆಯಷ್ಟೇ ನಿಧಾನ.

"ಹಾಗಾದ್ರೆ ನಾನು ಸಾಯ್ತಾ ಇಲ್ವಾ?"

"ಸಾಯೋಕೆ ನಿನ್ನ ಯಾರು ಕೇಳಿದ್ರು? ನೀನು ನಮ್ಮ ಕೆಯಿತಾಗಳ ಆಳು. ನಾವು ಅಪ್ಪಣೆ ಕೊಟ್ಟ ದಿನ ಸಾಯ್ಬೇಕು, ಅಲ್ಲೀವರೆಗೆ ಎದ್ದು ಹೊಲೀಬೇಕು."

ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಎರಡು ಕೈಯಲ್ಲೂ ಗಾಯ ಹಿಡಿದುಕೊಂಡ.

"ನಗಿಸ್ಬೇಡ್ವೇ ಆಳೇ, ಹೊಲಿಗೆ ಬಿಚ್ಚುತ್ತೆ."

"ನೀನು ಹಾಕಿದ ಹೊಲಿಗೆ ಆಗಿದ್ರೆ ಬಿಚ್ತಿತ್ತು. ಇದು ಡಾಕ್ಟರು ಹಾಕಿದ್ದು."

ಮಸ್ಸಿರೆ ನಗುತ್ತಾ ಅಳುತ್ತಾ ಗೋಡೆಗೆ ಒರಗಿದಳು. ವಡೆ ತಂದಿದ್ದೀಯಾ ಎಂದು ಝುಮಾನಾ ಕೇಳಿದ. ತಂದಿದ್ದಳು, ಅವನದೇ ಅಂಗಿಯ ಜೇಬಿನಲ್ಲಿ. ಅವನು ಅರ್ಧ ಎದ್ದು ಕೂತು ನಿಧಾನವಾಗಿ ಅಗಿದ. ಉಪ್ಪು ಕಮ್ಮಿ ಎಂದ. ನ್ಯೇಬಾ ಬಾಗಿಲ ಕಡೆ ತಿರುಗಿ, ಅವನ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡಳು. ಅವಳ ಅಣ್ಣನ ಹೆಣದ ಮುಂದೆ ಅತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ನಾವು ಹೊರಗೆ ಬಂದಾಗ ಗವರ್ನರ್ ಅದೇ ಬಾಗಿಲ ಮುಂದೆ ನಿಂತಿದ್ದರು. ಸತ್ತವರು ಯಾರು ಎಂದು ಅವರು ಕೇಳುತ್ತಿದ್ದರು. ಯಾರೂ ಸತ್ತಿಲ್ಲ, ನಮ್ಮ ಜನ ತಮ್ಮನ್ನು ಕಂಡ ಸಂತೋಷಕ್ಕೆ ಅಳುತ್ತಿದ್ದಾರೆ ಎಂದು ಮೇಯರ್ ಹೇಳುತ್ತಿದ್ದರು. ಗವರ್ನರ್ ಕಣ್ಣು ನ್ಯೇಬಾಳ ಟೋಪಿ, ಟೇಪು, ಗಂಡಸಿನ ಅಂಗಿಯ ಮೇಲೆ ನಿಂತಿತು. ಇವಳ ಹೆಸರೇನು ಎಂದು ಕೇಳಿದರು. ನ್ಯೇಬಾ ಕೆಯಿತಾ ಎಂದು ಗುಮಾಸ್ತ ಹೇಳಿದ. ಗವರ್ನರ್ ಮುಖ ಅರಳಿತು. ಎದೆಯುಬ್ಬಿಸಿ, ಒಂದು ಹೆಜ್ಜೆ ಮುಂದೆ ಬಂದು, ಕಾದು ನಿಂತರು.

ಗವರ್ನರ್ ಬೆನ್ನ ಹಿಂದಿನಿಂದ ಮೇಯರ್ ನ್ಯೇಬಾಳಿಗೆ ಕೈ ಮುಗಿಯುತ್ತಿದ್ದರು. ಸಾಲಿನಲ್ಲಿದ್ದ ಹೆಂಗಸರು ಉಸಿರು ಬಿಗಿಹಿಡಿದಿದ್ದರು. ನ್ಯೇಬಾ ಆ ಹೆಂಗಸರ ಟೊಮೆಟೊ ನೋಡಿದಳು, ಉಪ್ಪು ನೋಡಿದಳು. ಒಳಗೆ ಮಾಡಬೇಕಾದದ್ದನ್ನು ಮಾಡಿ ಆಗಿತ್ತು, ಇನ್ನು ಇವರ ಸೂರು ಕಳೆಯುವುದೇಕೆ ಎಂದುಕೊಂಡಳು. ಟೋಪಿ ತೆಗೆದು ಮಂಡಿ ಬಗ್ಗಿಸಿದಳು.

"ಬನ್ನಿ ಸ್ವಾಮಿ. ಕ್ಷೇಮವಾ? ಮನೇಲೆಲ್ಲ ಕ್ಷೇಮವಾ?"

ಗವರ್ನರ್ ಮುಖ ಇಳಿಯಿತು. ವ್ಯಾನಿನಿಂದ ಇಳಿದ ದಿನ ಝುಮಾನಾನ ಮುಖ ಇಳಿದದ್ದೂ ಹೀಗೆಯೇ. ಕ್ಷೇಮ ಎಂದು ಹೇಳಿ, ಚಹಾ ಕೂಡ ಕುಡಿಯದೆ ಕಾರು ಹತ್ತಿದರು.

ಸೂರು ಪಕ್ಕದೂರಿನ ಪಾಲಾಯಿತು. ಗವರ್ನರ್ ಡ್ರೈವರ್ ಇನ್ನೊಂದು ದಿನ ನನ್ನ ಹತ್ತಿರ ಗಡ್ಡ ಮಾಡಿಸಿಕೊಳ್ಳುವಾಗ ಹೇಳಿದ. ಅಲ್ಲಿ ಕೆಯಿತಾ ಮನೆತನದ ಒಬ್ಬ ಮುದುಕಿ ಸಾಹೇಬರ ಕಾರಿನ ಕಿಟಕಿಗೇ ಮುಖ ಹಾಕಿ, ಸರ್ಕಾರದ ಅಲಸಂದೆಯನ್ನೆಲ್ಲ ನೀನೊಬ್ಬನೇ ತಿಂದೆಯಾ ಎಂದು ಕೇಳಿದಳಂತೆ. ಸಾಹೇಬರು ಕಣ್ಣೀರು ಬರುವಷ್ಟು ನಕ್ಕರಂತೆ. ಕೊಲೊಂಬಾದವರು ಮಾತ್ರ ನನ್ನನ್ನು ಹೆಣದ ಹಾಗೆ ಮಾತಾಡಿಸಿದರು ಎಂದು ದಾರಿಯುದ್ದಕ್ಕೂ ಗೊಣಗಿದರಂತೆ. ಮೇಯರ್ ಈಗ ಇನ್ನೊಂದು ಸಂಕಿರಣಕ್ಕೆ ಹೋಗಿದ್ದಾರೆ. ಬೋರ್ಡನ್ನು ಮೀನಿನವನು ತನ್ನ ಅಂಗಡಿಗೆ ಚಾವಣಿ ಮಾಡಿಕೊಂಡಿದ್ದಾನೆ, ಇಡೀ ಸಂತೆಗೆ ದಕ್ಕಿದ ಸೂರು ಅಷ್ಟೇ. ತಗಡು ಹೋಯಿತು, ಝುಮಾನಾ ಉಳಿದ. ವ್ಯಾಪಾರ ಬಲ್ಲ ಯಾರನ್ನು ಬೇಕಾದರೂ ಕೇಳಿ, ನಮಗೆ ನಷ್ಟವೇ.

ಆ ಬಿಳಿ ಬಟ್ಟೆ ಯಾವುದಕ್ಕೂ ಬಾರದೆ ಉಳಿಯಿತು. ಹೆಣಕ್ಕೆಂದು ಕತ್ತರಿಸಿದ್ದನ್ನು ಯಾರೂ ಕೊಳ್ಳುವುದಿಲ್ಲ. ಸೂರಿಲ್ಲದ ಸಂತೆಯಲ್ಲಿ ಧೂಳು ಬೀಳುತ್ತದೆ ಎಂದು ಝುಮಾನಾ ಅದನ್ನು ನ್ಯೇಬಾಳ ಹಿಟ್ಟಿನ ಬೋಗುಣಿಗೆ ಮುಚ್ಚಲು ಕೊಟ್ಟ. ಈಗ ದಿನಾ ಬೆಳಗ್ಗೆ ಅವಳು ಅದನ್ನು ಎತ್ತಿ ಕೊಡವುವಾಗ ಅವನು ಎದುರಿಗೆ ಬಂದು ನಿಲ್ಲುತ್ತಾನೆ.

"ಜೋಪಾನ ಕಣೇ ಆಳೇ. ಅದು ನನ್ನ ಬಟ್ಟೆ."

"ನಿನಗೆ ಬೇಕಾದ ದಿನ ಒಗೆದು ಕೊಡ್ತೀನಿ ಬಿಡೋ. ಅಲಸಂದೆ ವಾಸನೆ ಮಾತ್ರ ಹೋಗಲ್ಲ."

"ಹೋಗೋದು ಬೇಡ" ಎನ್ನುತ್ತಾನೆ ಝುಮಾನಾ, ಮೊದಲ ವಡೆಗೆ ಕೈ ಚಾಚುತ್ತಾ.